ಪಪ್ಪ ಪಕ್ಷ ಬದಲಿಸಿದ ಕೂಟ

ನಮ್ಮ ಪಪ್ಪನ ಕೊನೆಯ ತಾಳಮದ್ದಳೆಯ ಬಗ್ಗೆ ಡೊಂಬಿವಲಿಯ ಕನ್ನಡಿಗರಲ್ಲಿ ಒಂದು ಕಥೆ ಓಡಾಡುತ್ತಿದೆ. ಮದುವೆಯ ಊಟದ ಪಂಕ್ತಿಯಲ್ಲಿ, ಕನ್ನಡ ಸಂಘದ ಅರಿಶಿನ ಕುಂಕುಮದಲ್ಲಿ ಅದನ್ನು ಕೇಳಿದ್ದೇನೆ. ಒಮ್ಮೆಯಂತೂ ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿಯಲ್ಲಿ, ನಾನು ಅವರ ಮಗಳೆಂದು ತಿಳಿಯದ ಹೆಂಗಸೊಬ್ಬರು ನನಗೇ ಹೇಳಿದರು. ಕಥೆ ಇಷ್ಟು: ಮರೆವಿನ ಕಾಯಿಲೆ ಬಂದು ಹೆಂಡತಿಯ ಹೆಸರನ್ನೂ ಮರೆತ ಅರ್ಥಧಾರಿಯೊಬ್ಬ ವೇದಿಕೆ ಹತ್ತಿದ, ಚೆಂಡೆಗೆ ಪೆಟ್ಟು ಬಿದ್ದದ್ದೇ ತಡ, ಕಾಯಿಲೆ ಓಡಿಹೋಯಿತು, ಸರಸ್ವತಿಯೇ ನಾಲಗೆಯ ಮೇಲೆ ಕೂತಳು, ಎದುರಿನವನ ಬಾಯಿ ಮುಚ್ಚಿಸಿ ಎದ್ದು ಬಂದ. ಕಲೆಯ ಶಕ್ತಿ ನೋಡಿ! ಹೇಳುವವರ ಕಣ್ಣಲ್ಲಿ ನೀರು, ಕೇಳುವವರ ಕಣ್ಣಲ್ಲೂ ನೀರು. ನಾನೊಬ್ಬಳೇ ಒಣ ಕಣ್ಣಿನವಳು. ಯಾಕೆಂದರೆ ಆ ಕೂಟವನ್ನು ಎರಡನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪೂರ್ತಿ ನೋಡಿದವಳು ನಾನು. ಕಾಯಿಲೆ ಎಲ್ಲಿಗೂ ಓಡಿಹೋಗಿರಲಿಲ್ಲ. ಅದು ಪಪ್ಪನ ಜೊತೆಗೇ ಚಕ್ಕಳಮಕ್ಕಳ ಹಾಕಿ ಕೂತು, ಅವರ ಮೈಕಿನಲ್ಲೇ ಮಾತಾಡಿತು. ಇನ್ನೊಂದು ಸಣ್ಣ ತಿದ್ದುಪಡಿ: ಆಗ ಪಪ್ಪನಿಗೆ ಅಮ್ಮನ ಹೆಸರು ಚೆನ್ನಾಗಿಯೇ ನೆನಪಿತ್ತು. ಮರೆತದ್ದು ಬೇರೆ.

ಹೀಗೆ ಎಲ್ಲರ ಮಾತಿಗೂ ತಿದ್ದುಪಡಿ ತರುವ ಚಟವನ್ನು ನನಗೆ ಅಂಟಿಸಿದವರು ಪಪ್ಪನೇ. ವಾರವಿಡೀ ಅವರು ಥಾಣೆಯ ಹೋಟೆಲೊಂದರ ಮ್ಯಾನೇಜರ್. ಸಾಂಬಾರಿನಲ್ಲಿ ಕೂದಲು ಸಿಕ್ಕಿತೆಂದು ಕೂಗುವ ಗಿರಾಕಿಯನ್ನು ಮಾತಿನಲ್ಲೇ ತಣ್ಣಗೆ ಮಾಡಿ, ಇನ್ನೊಂದು ಕಾಫಿ ಕುಡಿಸಿ ಕಳಿಸುವವರು. ಭಾನುವಾರ ಬಂತೆಂದರೆ ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆಯೆಂದರೆ, ಗೊತ್ತಿಲ್ಲದವರಿಗೆ ಹೇಳುತ್ತೇನೆ, ಯಕ್ಷಗಾನದಿಂದ ಕುಣಿತ, ಬಣ್ಣ, ಕಿರೀಟ ಎಲ್ಲವನ್ನೂ ಕಳೆದ ಮೇಲೆ ಉಳಿಯುವ ಜಗಳ. ಭಾಗವತರು ಒಂದು ಪದ ಹಾಡುತ್ತಾರೆ. ಬಿಳಿ ಪಂಚೆ ಉಟ್ಟು ಎದುರುಬದುರು ಕೂತ ಇಬ್ಬರು ಪುರಾಣದ ಪಾತ್ರಗಳಾಗಿ ಆ ಪದದ ಅರ್ಥವನ್ನು ಹಿಡಿದು ವಾದಿಸುತ್ತಾರೆ. ಬರೆದ ಸಂಭಾಷಣೆ ಇಲ್ಲ. ಕಥೆಯ ಕೊನೆ ಎಲ್ಲರಿಗೂ ಮೊದಲೇ ಗೊತ್ತು. ಯಾರು ಯಾರ ಮಾತಿನಲ್ಲಿ ಸಿಕ್ಕಿಬೀಳುತ್ತಾರೆ ಎಂಬುದೊಂದೇ ಕುತೂಹಲ. ಯಾವ ಪ್ರಸಂಗವಾದರೂ ಪಪ್ಪನದು ಸಂಧಾನಕ್ಕೆ ಬರುವ ದೂತನ ಪಾತ್ರ, ಸಂಜೀವ ಮಾವನದು ಸಂಧಾನ ಒಪ್ಪದ ರಾಜನ ಪಾತ್ರ. ಸಂಜೀವ ಮಾವ ನಮಗೆ ನೆಂಟರೇನೂ ಅಲ್ಲ. ಕಲ್ಯಾಣದಲ್ಲಿ ಬ್ಯಾಂಕಿನ ಕ್ಲರ್ಕ್ ಆಗಿದ್ದವರು. ನಾನು ಹುಟ್ಟುವ ಮೊದಲಿನಿಂದ ಪಪ್ಪನ ಜೊತೆ ಜಗಳವಾಡುತ್ತಾ ಬಂದ ಕಾರಣಕ್ಕೆ ಮಾವನಾದವರು.

ಮನೆಯಲ್ಲಿ ಪಪ್ಪನಿಗೆ ಎದುರು ಕೂರಲು ನಾನು ಸಿಕ್ಕಿದ್ದೆ. ಅನ್ನದ ತಟ್ಟೆಯ ಮುಂದೆ ಕೂತಾಗ ವಿಷಯ ಕೊಡುತ್ತಿದ್ದರು. ಯುದ್ಧ ಬೇಕೆಂದು ವಾದಿಸಿ ನಾನು ಗೆದ್ದೆನೆಂದು ಬೀಗುವಷ್ಟರಲ್ಲಿ, "ಈಗ ಈಚೆ ಬದಿಗೆ ಬಾ, ಯುದ್ಧ ಬೇಡ ಅಂತ ಹೇಳು ನೋಡುವಾ" ಎನ್ನುತ್ತಿದ್ದರು. "ಎರಡೂ ಬದಿ ಹೇಳ್ಲಿಕ್ಕೆ ಬರ್ಬೇಕು ಮಗಳೇ. ಒಂದೇ ಬದಿ ಹೇಳುವವನಿಗೆ ವಾದ ಬರುದಿಲ್ಲ, ಹಠ ಬರುದು." (ನಮ್ಮ ಮನೆಮಾತು ತುಳು. ಓದುವವರ ಅನುಕೂಲಕ್ಕೆ ಕನ್ನಡ ಮಾಡಿದ್ದೇನೆ. ಖಾರ ಸ್ವಲ್ಪ ಕಡಿಮೆಯಾಗಿರುತ್ತದೆ. ನಾನಂತೂ ಆಗಲೂ ಅರ್ಧ ಉತ್ತರವನ್ನು ಮರಾಠಿಯಲ್ಲೇ ಕೊಡುತ್ತಿದ್ದೆ.) ಈ ತರಬೇತಿಯಿಂದ ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ತಂದ ಹಿತ್ತಾಳೆ ಬಣ್ಣದ ಕಪ್ಪುಗಳು ಶೋಕೇಸಿನಲ್ಲಿವೆ. ಅದರ ಇನ್ನೊಂದು ಫಲವಾಗಿ, ಐರೋಲಿಯ ನನ್ನ ಆಫೀಸಿನಲ್ಲಿ ಮಧ್ಯಾಹ್ನದ ಊಟಕ್ಕೆ ನನ್ನ ಜೊತೆ ಕೂರಲು ಯಾರೂ ಆಸೆಪಡುವುದಿಲ್ಲ.

ಕಾಯಿಲೆ ಶುರುವಾದದ್ದು ಯಾವಾಗ ಎಂದು ಮುಂದೆ ಡಾಕ್ಟರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಬೇರೆಯವರು ಮರೆತರೆ ತಡವರಿಸುತ್ತಾರೆ, ತಲೆ ಕೆರೆಯುತ್ತಾರೆ, ಸಿಕ್ಕಿಬೀಳುತ್ತಾರೆ. ಪಪ್ಪ ಮರೆತರೆ ವಾದಿಸುತ್ತಿದ್ದರು. ಒಂದು ಸಂಜೆ ಥಾಣೆಯಿಂದ ಬರುವಾಗ ನಮ್ಮ ಊರಿಗೆ ಮೊದಲೇ ಸಿಗುವ ದಿವಾ ಸ್ಟೇಷನ್ನಿನಲ್ಲಿ ಇಳಿದುಬಿಟ್ಟು, ಇದೇ ಡೊಂಬಿವಲಿ ಎಂದು ರಿಕ್ಷಾದವರ ಜೊತೆ ವಾದಕ್ಕೆ ನಿಂತಿದ್ದರು. ಬೋರ್ಡು ತೋರಿಸಿದರೆ, "ಬೋರ್ಡು ಬರೆದವನು ಮನುಷ್ಯ, ಮನುಷ್ಯ ತಪ್ಪು ಬರೆಯುವುದಿಲ್ಲವೇ?" ಎಂದು ಕೇಳಿದರಂತೆ. ಕೊನೆಗೆ ಅವರ ಫೋನಿನಿಂದಲೇ ಒಬ್ಬ ರಿಕ್ಷಾದವನು ನಮಗೆ ಫೋನ್ ಮಾಡಿದ. "ಮೇಡಂ, ಕಾಕಾ ಬೋಲ್ ರಹೇ ಹೈ ಯೇ ಡೊಂಬಿವಲಿ ಹೈ. ಹೈ ಕ್ಯಾ?" ಪಪ್ಪನ ಮಾತು ಕೇಳಿ ಕೇಳಿ, ದಿವಾದಲ್ಲೇ ಇರುವ ಆ ಬಡಪಾಯಿಗೆ ತನ್ನ ಊರಿನ ಬಗ್ಗೆಯೇ ಸಂಶಯ ಬಂದಿತ್ತು. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅಮ್ಮ ಮಾತ್ರ ನಗುತ್ತಾ ನಗುತ್ತಾ ನಡುವೆ ನಿಲ್ಲಿಸಿ, "ಡಾಕ್ಟರಿಗೆ ತೋರಿಸುವನಾ?" ಎಂದಳು. ಪಪ್ಪನ ಯಕ್ಷಗಾನ ಮಂಡಳಿಯ ಕಾರ್ಯದರ್ಶಿಯವರು ಕೈಯಾಡಿಸಿಬಿಟ್ಟರು. "ಎಂಥ ಡಾಕ್ಟರು ಅಕ್ಕ? ಚೀಟಿ ಇಲ್ಲದೆ ಅಷ್ಟೊತ್ತು ಅರ್ಥ ಹೇಳುವವರಿಗೆ ಮರೆವಾ? ಮರೆವು ನಮಗೆ. ಚಾವಿ ಎಲ್ಲಿಟ್ಟದ್ದು ಅಂತಲೇ ಗೊತ್ತಾಗುದಿಲ್ಲ ಮಾರಾಯ್ರೆ." ಈ ಸರ್ಟಿಫಿಕೇಟಿನ ಮೇಲೆ ನಾವು ಬಹಳ ಕಾಲ ನೆಮ್ಮದಿಯಿಂದ ಇದ್ದೆವು.

ಥಾಣೆಯ ನರರೋಗದ ಡಾಕ್ಟರ್ ಮೇಡಂ ಮಾತ್ರ ಪಪ್ಪನ ಮಾತಿಗೆ ಮರುಳಾಗಲಿಲ್ಲ. ಗಡಿಯಾರದ ಚಿತ್ರ ಬರೆಯಿರಿ ಎಂದರು. ಪಪ್ಪ ಕಾಲದ ಸ್ವರೂಪದ ಬಗ್ಗೆ ಮಾತು ಶುರುಮಾಡಿದರು. ಮೇಡಂ ಸುಮ್ಮನೆ ಪೆನ್ನು ಮುಂದೆ ತಳ್ಳಿದರು. ಪಪ್ಪ ಬರೆದ ಗಡಿಯಾರದಲ್ಲಿ ಅಂಕಿಗಳೆಲ್ಲ ಒಂದೇ ಮೂಲೆಗೆ, ನಮ್ಮ ಲೋಕಲ್ ಟ್ರೈನಿನ ಬಾಗಿಲಲ್ಲಿ ಜನ ನಿಂತ ಹಾಗೆ, ಒತ್ತಿಕೊಂಡು ನಿಂತಿದ್ದವು. ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲ ಮುಗಿದ ಮೇಲೆ ಆಲ್ಝೈಮರ್ ಎಂಬ ಹೆಸರು ಬಂತು. ನಾನು ಸುಮ್ಮನಿರಲಿಲ್ಲ. ಜೀವನವಿಡೀ ಮಿದುಳನ್ನು ಇಷ್ಟು ದುಡಿಸಿದವರಿಗೆ ಇದು ಹೇಗೆ ಬರುತ್ತದೆಂದು ವಾದ ಹೂಡಿದೆ. ಅಷ್ಟು ದುಡಿಸಿದ್ದರಿಂದಲೇ ಕಾಯಿಲೆ ಇಷ್ಟು ದಿನ ಅಡಗಿ ಕೂತಿರಬಹುದು ಎಂದರು ಮೇಡಂ. ಆಮೇಲೆ ಅವರು ಕೇಳಿದ್ದೆಲ್ಲ ತೀರಾ ನೀರಸ ಪ್ರಶ್ನೆಗಳು: ಬಿಪಿ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದರಾ? ಸಕ್ಕರೆ ಹಿಡಿತದಲ್ಲಿತ್ತಾ? ಕಿವಿ ಸರಿಯಾಗಿ ಕೇಳುತ್ತದಾ? ಬಿಪಿ ಮಾತ್ರೆಯನ್ನು ಪಪ್ಪ ತಲೆನೋವು ಬಂದ ದಿನ ಮಾತ್ರ ನುಂಗುತ್ತಿದ್ದರು. ಕಿವಿ ಮಂದವಾಗಿ ವರ್ಷಗಳೇ ಆಗಿತ್ತು. ಕಿವಿಯಲ್ಲಿ ಮೆಷಿನ್ ಇಟ್ಟುಕೊಂಡ ದೂತನನ್ನು ಯಾವ ರಾಜನೂ ಗೌರವಿಸುವುದಿಲ್ಲವೆಂದು ಹೇಳಿ ತಪ್ಪಿಸಿಕೊಂಡಿದ್ದರು. "ಇದೆಲ್ಲ ಮೊದಲೇ ಸರಿಯಿದ್ದಿದ್ದರೆ ಬರುತ್ತಿರಲಿಲ್ಲವೆಂದು ಗ್ಯಾರಂಟಿ ಇದೆಯಾ?" ಎಂದೆ ನಾನು. ಮೇಡಂ ಕನ್ನಡಕದ ಮೇಲಿಂದ ನೋಡಿ, "ಗ್ಯಾರಂಟಿ ಮಿಕ್ಸರ್ ಕೀ ಹೋತೀ ಹೈ ಬೇಟಾ, ಆದ್ಮೀ ಕೀ ನಹೀ" ಎಂದರು. ಗ್ಯಾರಂಟಿ ಮಿಕ್ಸರಿಗೆ, ಮನುಷ್ಯನಿಗಲ್ಲ. ಅಪಾಯ ಸ್ವಲ್ಪ ಕಡಿಮೆಯಾಗುತ್ತಿತ್ತು, ಅಷ್ಟೇ. ಮಾತ್ರೆಯಿಂದ ಕಾಯಿಲೆ ನಿಲ್ಲುವುದಿಲ್ಲ, ಕೆಲವರಿಗೆ ಸ್ವಲ್ಪ ಕಾಲ ಸ್ವಲ್ಪ ಅನುಕೂಲವಾಗುತ್ತದೆ. ಕಿವಿಗೆ ಮೆಷಿನ್ ಹಾಕಿಸಿ, ನಡೆದಾಡಿಸಿ, ದಿನಚರಿ ಬದಲಿಸಬೇಡಿ, ಜನರ ಜೊತೆ ಇರಲಿ, ಇಷ್ಟದ ಕೆಲಸ ಬಿಡಿಸಬೇಡಿ. ಕೊನೆಯದನ್ನು ನನ್ನ ಕಡೆಗೇ ತಿರುಗಿ ಹೇಳಿದರು: ಅವರ ಜೊತೆ ವಾದ ಮಾಡಬೇಡಿ, ತಪ್ಪು ತಿದ್ದಬೇಡಿ, ಪರೀಕ್ಷೆ ಮಾಡಬೇಡಿ. ಪಥ್ಯ ಪಪ್ಪನಿಗೋ ನನಗೋ ಎಂದು ಆಗಲೇ ನನಗೆ ಅನುಮಾನ ಬಂದಿತ್ತು.

ಸುದ್ದಿ ಹೊರಬಿದ್ದದ್ದೇ ಸರಿ, ಡೊಂಬಿವಲಿಗೆ ಡೊಂಬಿವಲಿಯೇ ಮಿದುಳಿನ ತಜ್ಞರ ಊರಾಯಿತು. ಎದುರುಮನೆಯ ಜೋಶಿ ಕಾಕು ನೆನೆಸಿದ ಬಾದಾಮಿ ತಂದುಕೊಟ್ಟರು. ಅಲ್ಯೂಮಿನಿಯಂ ಪಾತ್ರೆಯೇ ಕಾರಣವೆಂದು ಒಬ್ಬರು, ಎಂಐಡಿಸಿ ಕಾರ್ಖಾನೆಗಳ ಕೆಮಿಕಲ್ ಹೊಗೆಯೆಂದು ಇನ್ನೊಬ್ಬರು. ಹೊಗೆಯೇ ಕಾರಣವಾಗಿದ್ದರೆ ನಮ್ಮ ಸೊಸೈಟಿಗೆ ಸೊಸೈಟಿಯೇ ಮರೆಯಬೇಕಿತ್ತು. ಪಾರ್ಕಿಂಗ್ ಜಾಗದ ಹಳೆಯ ಜಗಳದ ಒಂದು ಶಬ್ದವನ್ನೂ ಯಾರೂ ಇವತ್ತಿನವರೆಗೆ ಮರೆತಿಲ್ಲ. ಎಡಗೈಯಲ್ಲಿ ಹಲ್ಲುಜ್ಜಿದರೆ ಮಿದುಳು ಚುರುಕಾಗುತ್ತದೆಂದು ವಾಟ್ಸಾಪ್ ಬಂತು. ನಮ್ಮ ಕಾರ್ಯದರ್ಶಿಯವರು ಬಂದವರೇ, ಅಮ್ಮ ಕೊಟ್ಟ ಜಿಲೇಬಿಯ ತಟ್ಟೆ ಖಾಲಿ ಮಾಡುತ್ತಾ, "ಛೇ, ರಿಟೈರ್ ಆದ ಕೂಡಲೇ ಸುಡೊಕು ಹಿಡಿದಿದ್ದರೆ ಹೀಗೆ ಆಗ್ತಿರ್ಲಿಲ್ಲ" ಎಂದರು. ಇದೇ ಮಂಡಳಿ ಮೊದಲು, ಅಷ್ಟು ಮಾತಾಡುವವರಿಗೆ ಮರೆವು ಬರುವುದೇ ಇಲ್ಲ ಎಂದಿತ್ತು. ನಾನು ಅದನ್ನು ನೆನಪಿಸಿದೆ. "ಹಾಗಲ್ಲ ಮಾರಾಯ್ತಿ, ಅತಿಯಾಗಿ ಬಳಸಿ ಸವೆದುಹೋದದ್ದು" ಎಂದರು. ಬಳಸದಿದ್ದರೆ ತುಕ್ಕು, ಬಳಸಿದರೆ ಸವೆತ! ಇಂಥ ವಾದವನ್ನು ಎಲ್ಲಿ ಹಿಡಿದು ಸೋಲಿಸುವುದು? ನಿಧಾನವಾಗಿ ನನಗೆ ಅರ್ಥವಾಯಿತು. ಅವರಿಗೆಲ್ಲ ಬೇಕಾಗಿದ್ದದ್ದು ಪಪ್ಪನಿಗೆ ಯಾಕೆ ಬಂತು ಎಂಬ ಉತ್ತರವಲ್ಲ, ತಮಗೆ ಬರುವುದಿಲ್ಲ ಎಂಬ ಭರವಸೆ. ಅದಕ್ಕಾಗಿ ಪಪ್ಪ ಏನಾದರೊಂದು ತಪ್ಪು ಮಾಡಿರಲೇಬೇಕಿತ್ತು. ಬಾದಾಮಿ ತಿಂದಿರಬಾರದು, ಇಲ್ಲವೇ ಅತಿಯಾಗಿ ತಿಂದಿರಬೇಕು. ಜಿಲೇಬಿ ತಿನ್ನುತ್ತಿದ್ದವರ ಬಿಪಿ ಎಷ್ಟಿದೆಯೆಂದು ಕೇಳಬೇಕೆನಿಸಿತು. ಅಮ್ಮ ಕಣ್ಣಲ್ಲೇ ಗದರಿದಳು.

ನೋಡಲು ಬಂದವರೆಲ್ಲ ಪಪ್ಪನ ಮುಂದೆ ಕುರ್ಚಿ ಎಳೆದು ಕೂತು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನಾನು ಯಾರು ಹೇಳಿ ನೋಡುವಾ?" ಗೊತ್ತಾದರೆ "ನೋಡಿದ್ರಾ, ನನ್ನನ್ನು ಗುರುತು ಹಿಡಿದರು" ಎಂದು ಗೆದ್ದವರ ಮುಖ, ಗೊತ್ತಾಗದಿದ್ದರೆ ಅಮ್ಮನ ಕಡೆ ತಿರುಗಿ "ಪಾಪ" ಎಂಬ ಉದ್ಗಾರ, ಪಪ್ಪನ ಎದುರಿಗೇ. ಪಪ್ಪ ಮಾತ್ರ ಹಳೆಯ ಹುಲಿ. ಹೆಸರು ಸಿಗದಿದ್ದಾಗ ಎರಡೂ ಕೈ ಜೋಡಿಸಿ, "ನಿಮ್ಮನ್ನು ಗೊತ್ತಿಲ್ಲದವರು ಉಂಟಾ ಇಡೀ ಮುಂಬಯಿಯಲ್ಲಿ?" ಎನ್ನುತ್ತಿದ್ದರು. ಬಂದವರು ಉಬ್ಬಿಹೋಗುತ್ತಿದ್ದರು. ಅವರು ಲಿಫ್ಟ್ ಹತ್ತಿದ ಮೇಲೆ ಪಪ್ಪ ನನ್ನನ್ನು ಮೆಲ್ಲಗೆ ಕೇಳುತ್ತಿದ್ದರು, "ಯಾರು ಆ ಜನ? ಭಾರಿ ಉಪದ್ರದವ."

ಪರೀಕ್ಷೆ ಮಾಡುವವರನ್ನು ಬೈದೆನೆಂದ ಮಾತ್ರಕ್ಕೆ ನಾನೇನೂ ಸಾಧುವಲ್ಲ. ಸಂಜೆಯಾದರೆ ಪಪ್ಪ ಚಪ್ಪಲಿ ಹುಡುಕಲು ಶುರುಮಾಡುತ್ತಿದ್ದರು. ಹೋಟೆಲಿಗೆ ಹೊತ್ತಾಯಿತು, ಚಟ್ನಿಗೆ ತೆಂಗಿನಕಾಯಿ ಬಂದಿಲ್ಲ. ನೀವು ರಿಟೈರ್ ಆಗಿ ವರ್ಷಗಳಾದವು, ಆ ಹೋಟೆಲೇ ಈಗಿಲ್ಲ, ಅಲ್ಲೊಂದು ಮೊಬೈಲ್ ಅಂಗಡಿ ಬಂದಿದೆ ಎಂದು ನಾನು ಸಾಕ್ಷ್ಯಾಧಾರ ಸಮೇತ ಮಂಡಿಸುತ್ತಿದ್ದೆ. ಮೊಬೈಲ್ ಅಂಗಡಿಯ ಫೋಟೋ ಕೂಡ ತೆಗೆದುಕೊಂಡು ಬಂದಿದ್ದೆ. ಪಪ್ಪ ಫೋಟೋ ನೋಡುತ್ತಿದ್ದರು, ನನ್ನ ಮುಖ ನೋಡುತ್ತಿದ್ದರು, ಆಮೇಲೆ ಕೂಗಾಡುತ್ತಿದ್ದರು. ಬಾಗಿಲ ಚಿಲಕಕ್ಕೆ ಕೈಹಾಕಿ ಜಗ್ಗುತ್ತಿದ್ದರು. ಅಮ್ಮನದು ಬೇರೆ ದಾರಿ. "ತೆಂಗಿನಕಾಯಿ ಈಗಷ್ಟೇ ಬಂತಂತೆ, ಫೋನ್ ಬಂದಿತ್ತು. ಚಾ ಕುಡಿದು ಹೋಗಿ" ಎನ್ನುತ್ತಿದ್ದಳು. ಚಾ ಮುಗಿಯುವಷ್ಟರಲ್ಲಿ ಹೋಟೆಲೂ ಮುಗಿದಿರುತ್ತಿತ್ತು. ಸುಳ್ಳು ಹೇಳುತ್ತೀಯಲ್ಲ ಎಂದು ನಾನು ಅಮ್ಮನ ಮೇಲೆ ಹರಿಹಾಯ್ದರೆ, "ನೀನು ನಿಜ ಹೇಳಿ ಚಿಲಕ ಮುರಿಸಿದ್ದು ಸಾಕಾ?" ಎಂದಳು.

ಹೀಗಿರುವಾಗ ಮಂಡಳಿಯ ವಾರ್ಷಿಕ ಕೂಟದ ದಿನ ಬಂತು. ಪಪ್ಪನನ್ನು ಕೂರಿಸಬೇಕೋ ಬೇಡವೋ ಎಂದು ನಮ್ಮ ಮನೆಯ ಹಾಲಿನಲ್ಲೇ ಸಭೆ. ಪಪ್ಪ ಅದೇ ಹಾಲಿನಲ್ಲಿ ಕೂತು, ಮೀಟಿಂಗ್ ಯಾರ ಬಗ್ಗೆ ಎಂದು ತಿಳಿಯದೆ, ಎಲ್ಲರ ಮಾತಿಗೂ ತಲೆದೂಗುತ್ತಿದ್ದರು. ಕಾರ್ಯದರ್ಶಿಯವರು ಮಂಡಳಿಯ ಮರ್ಯಾದೆಯ ಪ್ರಶ್ನೆ ಎಂದರು. ನಾನೂ ಬೇಡವೆಂದೆ, ಜನರ ಮುಂದೆ ಪಪ್ಪ ನಗೆಪಾಟಲಾಗುವುದು ನನಗೆ ಬೇಡವಾಗಿತ್ತು. ಸಂಜೀವ ಮಾವ ಒಂದೇ ಮಾತು ಹೇಳಿದರು. "ಅವ ಎದುರು ಕೂತರೆ ನಾನು ಕೂರ್ತೇನೆ. ಇಲ್ಲದಿದ್ರೆ ರಾಜನಿಗೆ ಬೇರೆಯವರನ್ನು ನೋಡಿ."

"ಮಾವ, ನಡುವೆ ಮರೆತರೆ?" ಎಂದೆ.

"ಮರೆತರೆ ನಾನಿಲ್ವನಾ?"

"ನೀವು ಎದುರಾಳಿ ಅಲ್ವಾ?"

"ಅದಕ್ಕೇ ಹೇಳಿದ್ದು. ಅವ ಏನು ಹೇಳ್ತಾನೆ ಅಂತ ಅವನಿಗಿಂತ ಮೊದಲು ನನಗೆ ಗೊತ್ತುಂಟು."

ಇದಕ್ಕೆ ನನ್ನ ಬಳಿ ಆರು ಖಂಡನೆಗಳಿದ್ದವು. ಒಂದನೆಯದನ್ನು ಶುರುಮಾಡುವಷ್ಟರಲ್ಲಿ ಅಮ್ಮ ಪಪ್ಪನ ಹತ್ತಿರ ಹೋಗಿ, "ಕೂಟ ಉಂಟಂತೆ, ಹೋಗ್ತೀರಾ?" ಎಂದು ಕೇಳಿದಳು. "ಪಂಚೆ ಇಸ್ತ್ರಿ ಆಗಿದೆಯಾ?" ಎಂದರು ಪಪ್ಪ. ಸಭೆ ಬರಖಾಸ್ತಾಯಿತು.

ಭಾನುವಾರ ಮಧ್ಯಾಹ್ನ ಸಂಘದ ಸಭಾಂಗಣ ತುಂಬಿತ್ತು. ಭಾಗವತರು ದೂತನ ಪದ ಹಾಡಿ ನಿಲ್ಲಿಸಿದರು. ಪಪ್ಪ ಶಾಲು ಸರಿಮಾಡಿಕೊಂಡು ಹಳೆಯ ಕಾಲದ ಹಾಗೆಯೇ ಎತ್ತಿಕೊಂಡರು: "ಅರಸಾ, ಬಾಗಿಲಲ್ಲಿ ಕಾಯಿಸಿದ್ದಕ್ಕೆ ನನಗೆ ಕೋಪವಿಲ್ಲ. ಆದರೆ ಕಾಯಿಸಿದವನು ಒಳಗೆ ಏನು ಮಾಡುತ್ತಿದ್ದಾನೆಂದು ಹೊರಗೆ ನಿಂತವನು ಊಹಿಸುತ್ತಾನೆ." ಚಪ್ಪಾಳೆ ಬಿತ್ತು. "ಊಹಿಸುತ್ತಾನೆ..." ಎಂದರು ಪಪ್ಪ ಇನ್ನೊಮ್ಮೆ. ಮೂರನೆಯ ಸಲ ಅದನ್ನೇ ಹೇಳಿ ಮೇಲೆ ಫ್ಯಾನಿನ ಕಡೆ ನೋಡಿದರು. ಕಿವಿಯ ಮೆಷಿನ್ ಮೈಕಿನ ಹತ್ತಿರ ಬಂದು ಕೂಯ್ ಎಂದಿತು.

"ಏನು ಊಹಿಸಿದೆ ಎಂದು ನಾನೇ ಹೇಳಲೇ ದೂತನೇ?" ಸಂಜೀವ ಮಾವನ ರಾಜ ಗರ್ಜಿಸಿದ. "ಅರಸ ಒಳಗೆ ಹೆದರಿ ಅಡಗಿದ್ದಾನೆ ಎಂದು ತಾನೇ?"

"ಹೆದರಿದ್ದಾನೆ! ಹೌದು!" ಪಪ್ಪನಿಗೆ ದಾರಿ ಸಿಕ್ಕಿತು. "ಹೆದರಿದವನೇ ಮೊದಲು ಕತ್ತಿಗೆ ಕೈಹಾಕುವುದು, ಅರಸಾ."

ಹೀಗೇ ಸಾಗಿತು. ಪಪ್ಪ ನಿಂತಲ್ಲೆಲ್ಲ ರಾಜ, "ನೀನು ಮುಂದೆ ಹೇಳಹೊರಟದ್ದು ಇದೇ ಅಲ್ಲವೇ" ಎಂದು ಮೊದಲು ಪಪ್ಪನ ಮಾತನ್ನು ಅವರ ಕೈಗೆ ಕೊಟ್ಟು, ಆಮೇಲೆ ಅದಕ್ಕೆ ಉತ್ತರ ಹೇಳುತ್ತಿದ್ದ. ನನ್ನ ಹಿಂದೆ ಕೂತವರೊಬ್ಬರು, "ಈ ಸಂಜೀವಂದು ಅತಿಯಾಯ್ತು, ಅವರಿಗೆ ಮಾತಾಡ್ಲಿಕ್ಕೇ ಬಿಡುದಿಲ್ಲ" ಎಂದು ಗೊಣಗಿದರು. ಎರಡೂ ಬದಿಯ ಮಾತನ್ನು ಒಬ್ಬನೇ ಹೊತ್ತು ನಡೆಯುತ್ತಿದ್ದಾನೆಂದು ಅವರಿಗೆ ಕಾಣಲೇ ಇಲ್ಲ.

ಆಮೇಲೆ ನಡೆದದ್ದಕ್ಕೆ ಸಂಜೀವ ಮಾವನೂ ತಯಾರಿರಲಿಲ್ಲ. "ಯುದ್ಧದಲ್ಲಿ ಸಾಯುವವರ ಕಥೆಯನ್ನು ನನಗೆ ಹೇಳಬೇಡ" ಎಂದ ರಾಜ. ಅದು ದೂತ ಮನಸ್ಸು ಕರಗಿಸಬೇಕಾದ ಜಾಗ. ಪಪ್ಪನ ಬೆನ್ನು ನೆಟ್ಟಗಾಯಿತು, ಕಣ್ಣು ಹೊಳೆಯಿತು. "ಯಾಕೆ ಹೇಳಬೇಕು?" ಎಂದರು. "ಒಂದು ಹಿಡಿ ಮಣ್ಣನ್ನೂ ಬಿಟ್ಟುಕೊಡೆ! ಸಂಧಾನವೆಂದರೆ ಸೋಲುವವನು ಸೋಲಿಗೆ ಮೊದಲೇ ಹಾಕುವ ಅರ್ಜಿ!" ಅದು ರಾಜನ ಮಾತು. ವರ್ಷಗಟ್ಟಲೆ ಎದುರು ಕೂತು ಕೇಳಿದ, ಸಂಜೀವ ಮಾವನದೇ ಮಾತು. ತಾವು ಯಾವ ಕಡೆಯವರೆಂಬುದನ್ನೇ ಪಪ್ಪ ಮರೆತಿದ್ದರು. ಭಾಗವತರ ಜಾಗಟೆಯ ಕೋಲು ಮೇಲೆತ್ತಿದಲ್ಲೇ ನಿಂತಿತು. ಕಾರ್ಯದರ್ಶಿಯವರು ಬದಿಯಲ್ಲಿ ಎದ್ದುನಿಂತರು. ನಾನು ಕಣ್ಣು ಮುಚ್ಚಿಕೊಂಡೆ. ಕತ್ತಲೆಯಲ್ಲಿ ಸಂಜೀವ ಮಾವನ ದನಿ ಕೇಳಿಸಿತು, ತುಂಬಾ ಮೆತ್ತಗೆ.

"ಅರಸಾ," ಎಂದರು ಅವರು, ಪಪ್ಪನನ್ನು. "ಹಾಗಾದರೆ ಈ ದೂತನ ಒಂದು ಮಾತು ಕೇಳು."

ಸಂಜೀವ ಮಾವ ತಮ್ಮ ಸಿಂಹಾಸನ ಬಿಟ್ಟು ಎದುರು ಬದಿಗೆ ಹೋದರು, ಕೂತಲ್ಲಿಂದ ಒಂದು ಇಂಚೂ ಸರಿಯದೆ. ಜೀವಮಾನವಿಡೀ ಯುದ್ಧ ಬೇಕೆಂದವರು ಸಂಧಾನಕ್ಕಾಗಿ ಬೇಡಿಕೊಂಡರು. ಅಷ್ಟು ಚೆನ್ನಾಗಿ ಬೇಡಿದ್ದನ್ನು ನಾನು ಕೇಳಿರಲಿಲ್ಲ. ಪಪ್ಪನ ರಾಜ ಒಂದೊಂದೇ ಮಾತನ್ನು ಹಿಡಿದು ಮುರಿದು ಹಾಕಿದ. ಜನರಿಗೆ ಮೊದಲು ಗಲಿಬಿಲಿ, ಆಮೇಲೆ ಯಾರೋ "ಹೊಸ ಪ್ರಯೋಗ!" ಎಂದರು, ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಕೊನೆಗೆ ಸಂಜೀವ ಮಾವ ಕೈಮುಗಿದು, "ನನ್ನಲ್ಲಿ ಇನ್ನು ಮಾತಿಲ್ಲ, ಅರಸಾ" ಎಂದರು. "ಹಾಗಾದರೆ ಹೋಗು" ಎಂದರು ಪಪ್ಪ, ಆಮೇಲೆ ಹೋಟೆಲ್ ಮ್ಯಾನೇಜರಿನ ದನಿಯಲ್ಲಿ ಸೇರಿಸಿದರು, "ಊಟ ಮಾಡಿಕೊಂಡು ಹೋಗು."

ಚಪ್ಪಾಳೆ ಮುಗಿಯುವ ಮೊದಲೇ ಕಾರ್ಯದರ್ಶಿಯವರು ಶಾಲು, ಹಣ್ಣಿನ ಬುಟ್ಟಿ ಹಿಡಿದು ವೇದಿಕೆ ಹತ್ತಿದರು. ಎರಡೂ ಮೊದಲೇ ತಯಾರಿದ್ದವು. ಕಲಾಸೇವೆಯ ಬಗ್ಗೆ ನಾಲ್ಕು ಮಾತಾಡಿ, ಇನ್ನು ಇವರು ವಿಶ್ರಾಂತಿ ಪಡೆಯಲಿ ಎಂದು ಹಾರೈಸಿದರು. ನಮ್ಮವರಲ್ಲಿ ಬಾಗಿಲು ಹಾಕುವುದೂ ಶಾಲು ಹೊದಿಸಿಯೇ. ಮುಂದಿನ ಕೂಟದ ಕರಪತ್ರದಲ್ಲಿ ದೂತನ ಜಾಗದಲ್ಲಿ ನವಿ ಮುಂಬಯಿಯ ಯಾರೋ ತರುಣನ ಹೆಸರಿತ್ತು. ರಾಜನ ಜಾಗದಲ್ಲಿ ಸಂಜೀವ ಮಾವನ ಹೆಸರೇ ಇತ್ತು.

ಅಲ್ಲಿಂದ ನಮ್ಮ ಮನೆಗೆ ಬರುವವರು ಒಬ್ಬೊಬ್ಬರೇ ಕಡಿಮೆಯಾದರು. ಪರೀಕ್ಷೆ ತಪ್ಪಿತೆಂದು ನಾನು ಮೊದಮೊದಲು ಖುಷಿಪಟ್ಟೆ. ಸಂಘದಲ್ಲಿ ಸಿಕ್ಕಿದವರೊಬ್ಬರು ಕಾರಣ ಹೇಳಿದರು: "ಅವತ್ತು ಸಿಂಹದ ಹಾಗೆ ಕೂತಿದ್ದರಲ್ಲ, ಆ ನೆನಪೇ ಇರ್ಲಿ ಅಂತ. ಈಗ ಬಂದು ನೋಡ್ಲಿಕ್ಕೆ ಮನಸ್ಸು ಬರುದಿಲ್ಲ." ಎಂಥ ಸೂಕ್ಷ್ಮ ಮನಸ್ಸು! ನೆನಪು ಕಳೆದುಕೊಳ್ಳುತ್ತಿರುವವನು ಒಬ್ಬನೇ ಮನೆಯಲ್ಲಿ ಕೂತಿರಬೇಕು, ನೆನಪು ಗಟ್ಟಿಯಿದ್ದವರ ನೆನಪು ಕೆಡಬಾರದೆಂದು. ಕಲೆ ಕಾಯಿಲೆಯನ್ನು ಓಡಿಸಿದ ಕಥೆ ಹುಟ್ಟಿದ್ದು ಈ ಸೂಕ್ಷ್ಮತೆಯಿಂದಲೇ. ಓಡಿಹೋದ ಕಾಯಿಲೆಯನ್ನು ಯಾರೂ ಬಂದು ನೋಡಬೇಕಾಗಿಲ್ಲವಲ್ಲ.

ಪಪ್ಪ ಈಗ ಮಧ್ಯಾಹ್ನದ ಚಾ ಆದ ಮೇಲೆ ಎರಡು ಕುರ್ಚಿಗಳನ್ನು ಎದುರುಬದುರು ಇಟ್ಟು ಒಂದರಲ್ಲಿ ಕೂರುತ್ತಾರೆ. ಇನ್ನೊಂದರಲ್ಲಿ ಯಾರಾದರೂ ಕೂತು ಕೂಟ ನಡೆದ ದಿನ ಸಂಜೆ ಚಪ್ಪಲಿ ಹುಡುಕುವುದಿಲ್ಲ, ಚಿಲಕ ಜಗ್ಗುವುದಿಲ್ಲ, ಅಮ್ಮ ನೆಮ್ಮದಿಯಿಂದ ಉಣ್ಣುತ್ತಾಳೆ. ವಾದ ಮಾಡಬೇಡಿ ಎಂದಿದ್ದ ಡಾಕ್ಟರ್ ಮೇಡಂ ಇದನ್ನು ಕೇಳಿ, "ಈ ವಾದ ಬೇರೆ, ಇದನ್ನು ಬಿಡಬೇಡಿ" ಎಂದಿದ್ದಾರೆ. ಹಾಗಾಗಿ ರಜೆಯ ದಿನ ನಾನೇ ಕೂತೆ. ತೊಂದರೆಯೇನೆಂದರೆ, ನಾನು ಗೆದ್ದುಬಿಡುತ್ತೇನೆ. ಪಪ್ಪ ತಡವರಿಸಿದರೆ ನನ್ನ ತರಬೇತಿ ತಾನಾಗಿ ಎದ್ದು ಬಂದು ಆ ಸಂದಿಯಲ್ಲೇ ಹೊಡೆಯುತ್ತದೆ. ಸೋಲಲು ಪ್ರಯತ್ನಿಸಿದೆ, ನಾನು ಬೇಕೆಂದು ಸೋಲುತ್ತಿದ್ದೇನೆಂದು ಪಪ್ಪನಿಗೆ ಕೂಡಲೇ ಗೊತ್ತಾಗುತ್ತದೆ. ಕೈ ಬೀಸಿ ನನ್ನನ್ನು ಎಬ್ಬಿಸುತ್ತಾರೆ. "ನೀನಲ್ಲ. ಅವ ಎಲ್ಲಿ?" ಅವನ ಹೆಸರು ನೆನಪಿಲ್ಲ. ಮುಖವೂ ನೆನಪಿದೆಯೋ ಇಲ್ಲವೋ. ಎದುರಿನ ಕುರ್ಚಿ ಒಬ್ಬನದೆಂದು ಮಾತ್ರ ಗೊತ್ತಿದೆ.

ಸಂಜೀವ ಮಾವ ಆ ಕೂಟದ ನಂತರ ಒಂದು ದಿನವೂ ಬಂದಿಲ್ಲ. ಫೋನ್ ಮಾಡಿದರೆ "ಬರ್ತೇನೆ" ಎನ್ನುತ್ತಿದ್ದರು. ಕಳೆದ ತಿಂಗಳು ಐರೋಲಿಯಿಂದ ಬಂದು ಥಾಣೆಯಲ್ಲಿ ಟ್ರೈನ್ ಬದಲಿಸುವಾಗ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸಿಕ್ಕಿದರು. ಸೊರಗಿದ್ದರು. "ಹೇಗಿದ್ದಾನೆ?" ಎಂದರು. "ಇದ್ದಾರೆ" ಎಂದೆ. "ಬರ್ಬೇಕು ಅಂತ ಉಂಟು ಮಾರಾಯ್ತಿ..." ಎಂದು ಏನೋ ಹೇಳಲು ಹೊರಟರು. ನಾನು ಕೇಳಬೇಕಾದದ್ದು ಅಲ್ಲೇ, ನಾಲಗೆಯ ತುದಿಯಲ್ಲೇ ಇತ್ತು. ಆದರೆ ಹೊರಬಂದದ್ದು ಬೇರೆಯೇ:

"ಮಾವ, ಒಂದು ಹೇಳಿ. ಅವತ್ತು ನೀವು ಬಿಟ್ಟುಕೊಟ್ಟದ್ದಾ, ನಿಜವಾಗಿ ಸೋತದ್ದಾ?"

ಬಿಟ್ಟುಕೊಟ್ಟದ್ದಾದರೆ ಪಪ್ಪನ ಕೊನೆಯ ಗೆಲುವು ಒಂದು ಭಿಕ್ಷೆ. ಸೋತದ್ದಾದರೆ ಅರ್ಧ ಮಿದುಳಿನ ಪಪ್ಪ ಪೂರ್ತಿ ಮಿದುಳಿನವರನ್ನು ಮಣಿಸಿದರು. ನನಗೆ ಎರಡರಲ್ಲೊಂದು ಬೇಕಿತ್ತು. ತೀರ್ಪಿಲ್ಲದ ಚರ್ಚೆಯನ್ನು ನಾನು ಈವರೆಗೆ ಸಹಿಸಿಕೊಂಡವಳಲ್ಲ. ಸಂಜೀವ ಮಾವ ಕನ್ನಡಕ ತೆಗೆದು ಜೇಬಿಗೆ ಹಾಕಿದರು, "ಟ್ರೈನ್ ಬಂತು" ಎಂದರು, ಎದ್ದು ಹತ್ತಿಬಿಟ್ಟರು. ಆ ಟ್ರೈನ್ ಅವರ ಮನೆಯಿರುವ ಕಲ್ಯಾಣದ ಕಡೆಗೆ ಹೋಗುವುದೇ ಆಗಿರಲಿಲ್ಲ. ಚರ್ಚಾಸ್ಪರ್ಧೆಯ ನಿಯಮದ ಪ್ರಕಾರ, ಎದುರಾಳಿ ಎದ್ದುಹೋದರೆ ಗೆಲುವು ನನ್ನದು. ಮನೆಗೆ ಹೋಗಿ ಅಮ್ಮನಿಗೆ ಎಲ್ಲವನ್ನೂ ವರದಿ ಮಾಡಿದೆ. ಅಮ್ಮ ಪೂರ್ತಿ ಕೇಳಿ, "ಬರ್ತಾರಂತಾ?" ಎಂದಷ್ಟೇ ಕೇಳಿದಳು.

ಅದನ್ನೊಂದೇ ನಾನು ಕೇಳಿರಲಿಲ್ಲ. ಆಮೇಲೆ ಫೋನ್ ಮಾಡಿದೆ, ರಿಂಗಾಗುತ್ತದೆ, ಎತ್ತುವುದಿಲ್ಲ. ಇಲ್ಲಿಯ ಕನ್ನಡ ಪತ್ರಿಕೆಗಳನ್ನು ಶ್ರದ್ಧಾಂಜಲಿಯ ಪುಟದವರೆಗೆ ಬಿಡದೆ ಓದುವ ಅಭ್ಯಾಸ ಅವರಿಗಿದೆಯೆಂಬ ಧೈರ್ಯದಿಂದ ಇದನ್ನು ಬರೆದಿದ್ದೇನೆ. ಸಂಜೀವ ಮಾವ, ಥಾಣೆಯಲ್ಲಿ ಕೇಳಿದ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅವತ್ತು ಗೆದ್ದವರು ಯಾರೆಂದು ನನಗೆ ಗೊತ್ತಾಗಬೇಕಾಗಿಲ್ಲ. ಹೀಗೆ ಬರೆಯುವಾಗಲೂ ಗೊತ್ತಾದರೆ ಚೆನ್ನಾಗಿತ್ತು ಎನಿಸುತ್ತಿದೆ, ಅದು ನನ್ನ ಕಾಯಿಲೆ, ಅದಕ್ಕೆ ಮಾತ್ರೆಯಿಲ್ಲ. ಪಪ್ಪ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಿಮ್ಮನ್ನು ಗುರುತು ಹಿಡಿಯುತ್ತಾರೆಂದು ಹೇಳಲಾರೆ, ಯಾವ ಕಡೆಯಿಂದ ವಾದಿಸುತ್ತಾರೆಂದೂ ಹೇಳಲಾರೆ. ನಾನು ಆ ಹೊತ್ತಿಗೆ ಮನೆಯಲ್ಲೇ ಇರುವುದಿಲ್ಲ, ಬೇಕಾದರೆ ಅದನ್ನು ಮಾತು ಕೊಟ್ಟು ಹೇಳುತ್ತೇನೆ. ಈ ಭಾನುವಾರ ಬರ್ತೀರಾ?